ಮುಸುಕಿನ ಜೋಳದ ಸುಳಿ ತಿನ್ನುವ ಸೈನಿಕ ಹುಳು: ಪತಂಗವನ್ನು ಅರಿತರೆ ಮೇವು ಉಳಿದೀತು



ಪಶುವೈದ್ಯರು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಬೆದೆ, ಗರ್ಭಧಾರಣೆ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಬಾರಿ ಹುಳುವಿನ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೇ. ರಾಸಿನ ಹೊಟ್ಟೆಗೆ ಹೋಗಬೇಕಾದ ಹಸಿರು ಮೇವನ್ನು ಈ ಹುಳು ಮೊದಲೇ ತಿಂದು ಮುಗಿಸುತ್ತಿದೆ. ಅದನ್ನು ಕೊಲ್ಲಲೆಂದು ನಾವು ಸುಳಿಗೆ ಸುರಿಯುವ ಔಷಧಿ ಕೊನೆಗೆ ಸೇರುವುದು ಅದೇ ರಾಸಿನ ಹೊಟ್ಟೆಗೆ. ಅಲ್ಲಿಂದ ಹಾಲಿಗೆ ಎಷ್ಟು ದೂರ?

ಮುಸುಕಿನ ಜೋಳವನ್ನು ಕೆಲವು ಕಡೆ ಮೆಕ್ಕೆಜೋಳ, ಕೆಲವು ಕಡೆ ಗೋವಿನ ಜೋಳ ಎನ್ನುತ್ತಾರೆ. ಕಾಳಿಗಾಗಿ ಬೆಳೆಯುವವರಿಗೂ ಮೇವಿಗಾಗಿ ಬೆಳೆಯುವವರಿಗೂ ಈ ಹುಳುವಿನ ಕಾಟ ಒಂದೇ. ಆದರೆ ಮೇವಿಗಾಗಿ ಬೆಳೆಯುವವರು ಕೊಯ್ದ ಸೊಪ್ಪನ್ನು ಅಂದೇ ಗೋದಲಿಗೆ ಹಾಕುತ್ತಾರೆ. ಆದ್ದರಿಂದ ಕಾಳಿನ ಹೊಲಕ್ಕೆ ಹೇಳಿದ ಔಷಧಿಯ ಮಾತನ್ನು ಮೇವಿನ ತಾಕಿಗೆ ಹಾಗೆಯೇ ಒಪ್ಪಿಸುವಂತಿಲ್ಲ. ಶತ್ರುವಿನ ಹುಟ್ಟು, ಬೆಳವಣಿಗೆ, ಅಡಗುದಾಣಗಳನ್ನು ತಿಳಿದುಕೊಂಡರೆ ಹೆಚ್ಚಿನ ಕೆಲಸವನ್ನು ಕೈಯಿಂದಲೇ ಮಾಡಿ ಮುಗಿಸಬಹುದು.

ಈ ಹುಳು ಎಲ್ಲಿಂದ ಬಂತು?

ಇದರ ಹೆಸರು ಫಾಲ್ ಆರ್ಮಿವರ್ಮ್. ಕನ್ನಡದಲ್ಲಿ ಫಾಲ್ ಸೈನಿಕ ಹುಳು ಎನ್ನುತ್ತೇವೆ. ಶಾಸ್ತ್ರೀಯ ಹೆಸರು ಸ್ಪೋಡಾಪ್ಟೆರಾ ಫ್ರುಜಿಪರ್ಡಾ. ಇದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶಗಳು. ಇಂಗ್ಲಿಷಿನಲ್ಲಿ ಅಮೆರಿಕದವರು ‘ಫಾಲ್’ ಎನ್ನುವುದು ಚಳಿಗಾಲಕ್ಕೆ ಮುಂಚಿನ ಎಲೆ ಉದುರುವ ಕಾಲಕ್ಕೆ. ಉತ್ತರ ಅಮೆರಿಕದ ಹಿಮ ಬೀಳುವ ಚಳಿಯನ್ನು ಈ ಹುಳು ತಡೆದುಕೊಳ್ಳಲಾರದು. ಚಳಿಗಾಲದಲ್ಲಿ ಅದು ಫ್ಲಾರಿಡಾ ಮತ್ತು ಟೆಕ್ಸಾಸ್‌ನ ದಕ್ಷಿಣದ ಬೆಚ್ಚನೆಯ ಭಾಗಗಳಲ್ಲಿ ಮಾತ್ರ ಉಳಿಯುತ್ತದೆ. ಬೇಸಿಗೆ ಬಂದಂತೆ ಪತಂಗಗಳು ತಲೆಮಾರಿನಿಂದ ತಲೆಮಾರಿಗೆ ಉತ್ತರದತ್ತ ಹಾರಿ, ಬೇಸಿಗೆಯ ಕೊನೆಗೆ ಆ ಕಡೆಯ ಬೆಳೆಗಳ ಮೇಲೆ ಬೀಳುತ್ತವೆ. ಹೀಗೆ ಈ ಹೆಸರು ಬಂತು.

2016ರಲ್ಲಿ ಈ ಪತಂಗ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲು ಗುರುತಿಸಲ್ಪಟ್ಟದ್ದು ನಮ್ಮ ಕರ್ನಾಟಕದಲ್ಲಿಯೇ, ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ಅದೇ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಕಂಡುಬಂತು. ನಂತರ ಅಕ್ಕಪಕ್ಕದ ರಾಜ್ಯಗಳಿಗೆ, ದೇಶದ ಉಳಿದ ಭಾಗಗಳಿಗೆ, 2019ರ ಹೊತ್ತಿಗೆ ಚೀನಾ ದೇಶಕ್ಕೂ ಹಬ್ಬಿತು. ಒಂದು ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲ ಪತಂಗಕ್ಕೆ ಜಿಲ್ಲೆಯ ಗಡಿ, ರಾಜ್ಯದ ಗಡಿ ಯಾವ ಲೆಕ್ಕ?

ಪತಂಗದ ರೂಪ

ಪತಂಗ ಹಗಲಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಸುಳಿಯ ಒಳಗೆ, ಎಲೆಯ ಸಂದಿಯಲ್ಲಿ, ಬುಡದ ಕಸದಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಹೊರಬಂದು ಹಾರಾಡುತ್ತದೆ, ಜೊತೆಗೂಡುತ್ತದೆ, ಮೊಟ್ಟೆ ಇಡುತ್ತದೆ. ರೆಕ್ಕೆ ಬಿಚ್ಚಿದಾಗ ಅಗಲ ಮೂರೂಕಾಲರಿಂದ ನಾಲ್ಕು ಸೆಂಟಿಮೀಟರ್. ಗಂಡು ಪತಂಗದ ಮುಂದಿನ ರೆಕ್ಕೆ ಬೂದು ಮತ್ತು ಕಂದು ಮಿಶ್ರ ಬಣ್ಣದ್ದು. ಅದರ ತುದಿಯಲ್ಲಿ ಮುಕ್ಕೋನಾಕಾರದ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಹೆಣ್ಣು ಪತಂಗಕ್ಕೆ ಇಂಥ ಸ್ಪಷ್ಟ ಗುರುತಿಲ್ಲ, ಒಟ್ಟಾರೆ ಬೂದುಗಂದು ಬಣ್ಣ. ಎರಡರಲ್ಲಿಯೂ ಹಿಂದಿನ ರೆಕ್ಕೆ ಬೆಳ್ಳಿಯಂತೆ ಬಿಳಿ, ಅಂಚು ಮಾತ್ರ ಕಪ್ಪು. ಪತಂಗದ ಆಯುಷ್ಯ ಸುಮಾರು ಹತ್ತು ದಿನ, ಅನುಕೂಲವಿದ್ದರೆ ಎರಡು ಮೂರು ವಾರ. ಪತಂಗ ಎಲೆ ತಿನ್ನುವುದಿಲ್ಲ. ಬೆಳೆ ಹಾಳುಮಾಡುವುದೆಲ್ಲ ಅದರ ಮರಿ ಹುಳು.

ರೇಷ್ಮೆ ಹುಳುವಿನಂತೆಯೇ ನಾಲ್ಕು ಅವಸ್ಥೆ

ರೇಷ್ಮೆ ಸಾಕಿದ ಮನೆಯವರಿಗೆ ಇದರ ಜೀವನಚಕ್ರವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ಅದೇ ನಾಲ್ಕು ಅವಸ್ಥೆ ಇಲ್ಲಿಯೂ ಇವೆ. ನಮ್ಮ ಬಿಸಿಲಿಗೆ ಒಂದು ಸುತ್ತು ಮುಗಿಯಲು ಸುಮಾರು 30ರಿಂದ 45 ದಿನ ಸಾಕು. ಚಳಿ ಹೆಚ್ಚಾದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ.

ಮೊಟ್ಟೆ: ಹೆಣ್ಣು ಪತಂಗ ಸಾಮಾನ್ಯವಾಗಿ ಎಲೆಯ ಕೆಳಭಾಗದಲ್ಲಿ ಒಂದೊಂದು ಸಲಕ್ಕೆ 100ರಿಂದ 200 ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮೇಲೆ ತನ್ನ ಮೈಯ ಬೂದು ರೋಮವನ್ನು ಹೊದಿಸುತ್ತದೆ. ದೂರದಿಂದ ನೋಡಿದರೆ ಎಲೆಗೆ ಬೂಷ್ಟು ಹಿಡಿದಂತೆ ಕಾಣುತ್ತದೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 1,500ರಿಂದ 2,000 ಮೊಟ್ಟೆಗಳವರೆಗೆ ಇಡಬಲ್ಲದು. ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಹುಳು: ಆಗ ತಾನೇ ಹೊರಬಂದ ಮರಿಗೆ ಕಪ್ಪು ತಲೆ, ಮೈಯೆಲ್ಲ ಮಾಸಲು ಹಸಿರು, ಉದ್ದ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ಈ ಚಾಕಿ ಅವಸ್ಥೆಯಲ್ಲಿ ಅದು ಎಲೆಯ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ. ತಿಂದ ಜಾಗ ಕಾಗದದಂತೆ ತೆಳುವಾಗಿ ಬೆಳಕು ತೂರುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರಕ್ಕೆ ಹಣ್ಣಾದರೆ, ಈ ಹುಳು ಸಾಮಾನ್ಯವಾಗಿ ಐದು ಸಲ ಪೊರೆ ಕಳಚಿ ಆರು ಹಂತ ಬೆಳೆಯುತ್ತದೆ. ಇದಕ್ಕೆ ಎರಡರಿಂದ ಮೂರು ವಾರ. ಬಲಿತ ಹುಳು ಮೂರರಿಂದ ನಾಲ್ಕು ಸೆಂಟಿಮೀಟರ್ ಉದ್ದವಿರುತ್ತದೆ.

ಕೋಶ: ಬಲಿತ ಹುಳು ಗಿಡದಿಂದಿಳಿದು ಒಂದರಿಂದ ಮೂರು ಅಂಗುಲ ಆಳದ ಮಣ್ಣಿನಲ್ಲಿ ಕೋಶವಾಗುತ್ತದೆ. ಕೋಶ ಹೊಳೆಯುವ ಕೆಂಗಂದು ಬಣ್ಣದ್ದು. ಎಂಟರಿಂದ ಹನ್ನೆರಡು ದಿನಕ್ಕೆ ಪತಂಗ ಹೊರಬರುತ್ತದೆ. ಮತ್ತೆ ಮೊದಲಿನಿಂದ ಅದೇ ಚಕ್ರ.

ಇದೇ ಆ ಹುಳು ಎಂದು ಗುರುತಿಸುವುದು ಹೇಗೆ?

ಮುಸುಕಿನ ಜೋಳಕ್ಕೆ ಕಾಂಡ ಕೊರೆಯುವ ಹುಳು, ನಮ್ಮ ಹಳೆಯ ಸೈನಿಕ ಹುಳು ಇವೂ ಬೀಳುತ್ತವೆ. ಫಾಲ್ ಸೈನಿಕ ಹುಳುವನ್ನು ಈ ಕೆಳಗಿನ ಗುರುತುಗಳಿಂದ ಪತ್ತೆ ಹಚ್ಚಬಹುದು.

1. ಬೆಳೆದ ಹುಳುವಿನ ತಲೆಯ ಮುಂಭಾಗದಲ್ಲಿ ಬಿಳಿ ಗೆರೆಗಳು ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದಂತೆ ಕಾಣುತ್ತವೆ.

2. ಬಾಲದ ಕಡೆ, ಕೊನೆಗಿಂತ ಸ್ವಲ್ಪ ಹಿಂದೆ, ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರವಾಗಿ, ಚೌಕಾಬಾರದ ಮನೆಯ ನಾಲ್ಕು ಮೂಲೆಗಳಂತೆ ಇರುತ್ತವೆ. ಇದೇ ಅತಿ ನಂಬಿಕೆಯ ಗುರುತು.

3. ಸುಳಿಯ ಎಲೆ ಬಿಚ್ಚಿಕೊಂಡಾಗ ಅಡ್ಡಸಾಲಾಗಿ ತೂತುಗಳು ಕಾಣುತ್ತವೆ. ಸುಳಿಯ ಒಳಗೆ ಒದ್ದೆ ಮರದ ಪುಡಿಯಂತೆ ಹಿಕ್ಕೆ ತುಂಬಿರುತ್ತದೆ.

ಒಂದು ಸುಳಿಯಲ್ಲಿ ಬಲಿತ ಹುಳು ಒಂದೋ ಎರಡೋ ಮಾತ್ರ ಸಿಗುತ್ತದೆ. ಇವು ಒಂದನ್ನೊಂದು ತಿನ್ನುತ್ತವೆ, ಗೆದ್ದದ್ದು ಸುಳಿಯಲ್ಲಿ ಉಳಿಯುತ್ತದೆ. ‘ಗಿಡಕ್ಕೆ ಒಂದೇ ಹುಳು ತಾನೇ’ ಎಂದು ಬಿಡಬಾರದು.

ಏಕೆಂದರೆ ರೇಷ್ಮೆ ಮನೆಯ ಲೆಕ್ಕ ಇಲ್ಲಿಯೂ ನಿಜ. ಚಾಕಿ ಹುಳುವಿಗೆ ಒಂದು ಬುಟ್ಟಿ ಸೊಪ್ಪು ಸಾಕು, ಕೊನೆಯ ಜ್ವರ ಎದ್ದ ಹುಳುವಿಗೆ ಗಾಡಿ ಗಾಡಿ ಸೊಪ್ಪು ಬೇಕು. ಫಾಲ್ ಸೈನಿಕ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಎಲೆಯನ್ನು ನೂರು ಪಾಲು ಮಾಡಿದರೆ, ಮೊದಲ ನಾಲ್ಕು ಹಂತಗಳಲ್ಲಿ ತಿನ್ನುವುದು ಸುಮಾರು 7 ಪಾಲು. ಐದನೆಯ ಹಂತದಲ್ಲಿ 16 ಪಾಲು. ಆರನೆಯ, ಕೊನೆಯ ಹಂತದಲ್ಲಿ 77 ಪಾಲು. ‘ನಿನ್ನೆ ಚೆನ್ನಾಗಿತ್ತು, ಇವತ್ತು ಹೊಲವೆಲ್ಲ ಜಾಲರಿಯಾಗಿದೆ’ ಎಂದು ಸದಸ್ಯರು ಹೇಳುವುದು ಇದಕ್ಕೇ. ಹುಳು ನಿನ್ನೆ ಬಂದದ್ದಲ್ಲ, ಎರಡು ವಾರದಿಂದ ಅಲ್ಲೇ ಇತ್ತು. ನಾವು ಎಚ್ಚೆತ್ತ ಹೊತ್ತಿಗೆ ಅದರ ಊಟ ಮುಗಿಯುತ್ತ ಬಂದಿರುತ್ತದೆ. ಆಗ ದುಬಾರಿ ಔಷಧಿ ಹೊಡೆದರೂ ಸುಳಿಯ ಆಳದಲ್ಲಿ, ಹಿಕ್ಕೆಯ ಮರೆಯಲ್ಲಿ ಕುಳಿತ ಹುಳುವಿಗೆ ಅದು ಸರಿಯಾಗಿ ತಾಗುವುದಿಲ್ಲ.

ನಮ್ಮ ಮೇವಿನ ತಾಕು ಅದಕ್ಕೆ ಏಕೆ ಇಷ್ಟು ಹಿತ?

ಈ ಪತಂಗಕ್ಕೆ ಚಳಿಗಾಲದ ದೀರ್ಘ ನಿದ್ರೆ ಎಂಬುದಿಲ್ಲ. ವರ್ಷವಿಡೀ ಬೆಚ್ಚಗಿರಬೇಕು, ವರ್ಷವಿಡೀ ಎಳೆಯ ಸುಳಿ ಸಿಗಬೇಕು. ನಮ್ಮ ಹವೆ ಮೊದಲನೆಯದನ್ನು ಕೊಟ್ಟಿದೆ. ಎರಡನೆಯದನ್ನು ಕೊಡುತ್ತಿರುವವರು ನಾವು. ಕೊಳವೆ ಬಾವಿಯ ನೀರಿರುವ ಸದಸ್ಯರು ಹಾಲು ಇಳಿಯಬಾರದೆಂದು ಹದಿನೈದು ದಿನಕ್ಕೊಮ್ಮೆ ಐದು ಗುಂಟೆ, ಹತ್ತು ಗುಂಟೆ ಮುಸುಕಿನ ಜೋಳ ಬಿತ್ತುತ್ತಾರೆ. ಹಸಿರು ಮೇವಿಗೆ ಇದು ಒಳ್ಳೆಯ ಪದ್ಧತಿಯೇ. ಆದರೆ ಒಂದು ತಾಕಿನಲ್ಲಿ ಪತಂಗ ಹೊರಬರುವ ಹೊತ್ತಿಗೆ ಪಕ್ಕದ ತಾಕಿನಲ್ಲಿ ಎಳೆಯ ಸುಳಿ ಸಿದ್ಧವಾಗಿರುತ್ತದೆ.

ಹಾಗೆಂದು ಹಸಿರು ಮೇವು ಬಿಡಿ ಎಂದು ನಾನು ಹೇಳುವುದಿಲ್ಲ. ಹೈನುಗಾರರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ಹತ್ತು ಎಕರೆ ಕಾಳಿನ ಹೊಲವನ್ನು ಯಾರೂ ದಿನವೂ ಗಿಡ ಗಿಡ ನೋಡಲಾರರು. ಹತ್ತು ಗುಂಟೆ ಮೇವಿನ ತಾಕಿಗೆ ಮನೆಯವರು ಹೇಗೂ ದಿನ ಬೆಳಗಾದರೆ ಕುಡುಗೋಲು ಹಿಡಿದು ಹೋಗುತ್ತಾರೆ. ಅವರ ಕಣ್ಣು, ಅವರ ಕೈ ಇವೆರಡಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ತಾವು ಮಾಡಬೇಕಾದ ಕೆಲಸಗಳು

1. ಮುಂದಿನ ಬಿತ್ತನೆಗೆ ಮೊದಲು ಆಳವಾಗಿ ಉಳುಮೆ ಮಾಡಿ. ಮಣ್ಣಿನಲ್ಲಿರುವ ಕೋಶಗಳು ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ. ನಾಟಿ ಕೋಳಿ ಸಾಕಿದವರು ಉತ್ತ ಹೊಲಕ್ಕೆ ಬಿಟ್ಟರೆ ಕೆಲಸ ಇನ್ನೂ ಸುಲಭ. ಮೇವು ಕೊಯ್ದ ತಾಕನ್ನು ಕೂಳೆ ಸಮೇತ ವಾರಗಟ್ಟಲೆ ಹಾಗೆಯೇ ಬಿಡಬೇಡಿ.

2. ಮುಸುಕಿನ ಜೋಳದೊಂದಿಗೆ ಅಲಸಂದೆಯನ್ನು ಅಕ್ಕಡಿಯಾಗಿ ಬಿತ್ತಿ. ಬರೀ ಜೋಳದ ಹೊಲಕ್ಕಿಂತ ದ್ವಿದಳ ಸೇರಿದ ಹೊಲದಲ್ಲಿ ಹುಳುವಿನ ಕಾಟ ಕಡಿಮೆ. ಜೊತೆಗೆ ಮೇವಿನಲ್ಲಿ ಸಸಾರಜನಕ ಹೆಚ್ಚುತ್ತದೆ, ರಾಸಿಗೂ ಲಾಭ.

3. ಮೊಳಕೆ ಬಂದ ಒಂದು ವಾರದಿಂದ ನಲವತ್ತು ದಿನದವರೆಗೆ ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ, ಗುರುವಾರ ಎಂದಿಟ್ಟುಕೊಳ್ಳಬಹುದು. ಮೊಟ್ಟೆ ಒಡೆಯಲು ಎರಡು ಮೂರು ದಿನ ಬೇಕಲ್ಲವೇ? ಈ ಅಂತರದಲ್ಲಿ ಸುತ್ತಿದರೆ ಮೊಟ್ಟೆಯಾಗಿಯೋ ಚಾಕಿಯಾಗಿಯೋ ಅದು ಕೈಗೆ ಸಿಕ್ಕೇ ಸಿಗುತ್ತದೆ. ಎಲೆ ಮಗುಚಿ ನೋಡಿ, ಮೊಟ್ಟೆಯ ಗುಂಪನ್ನು ಬೆರಳಿನಿಂದ ಹೊಸಕಿಹಾಕಿ. ಒಂದು ಗುಂಪು ಹೊಸಕಿದರೆ ನೂರು ಇನ್ನೂರು ಹುಳುಗಳನ್ನು ಕೊಂದಂತೆ. ಕಂಡ ಹುಳುಗಳನ್ನು ಆರಿಸಿ ಸೋಪಿನ ನೀರಿನ ಡಬ್ಬಿಗೆ ಹಾಕಿ.

4. ಬಿತ್ತಿದ ಮೊದಲ ಮೂವತ್ತು ದಿನದಲ್ಲಿ, ಹುಳು ಕಂಡ ಸುಳಿಗಳಿಗೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣದ ಪುಡಿ ಬೆರೆಸಿ ಚಿಟಿಕೆಯಷ್ಟು ಹಾಕಿ. ಸುಳಿಯಲ್ಲಿ ಹುಳುವಿಗೆ ನೆಲೆ ಇಲ್ಲದಂತಾಗುತ್ತದೆ.

5. ಮೋಹಕ ಬಲೆಗಳನ್ನು ಎಕರೆಗೆ ಐದರಂತೆ, ಸಣ್ಣ ತಾಕಿಗೆ ಒಂದೆರಡರಂತೆ ಕಟ್ಟಿ. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಆದ್ದರಿಂದ ಬಲೆ ಕಟ್ಟಿದರೆ ಹುಳು ಹೋಯಿತು ಎಂದುಕೊಳ್ಳಬಾರದು. ಪತಂಗ ಬಂದಿದೆ, ಮೊಟ್ಟೆ ಹುಡುಕಲು ಶುರುಮಾಡಿ ಎಂದು ಅದು ನಮಗೆ ಹೇಳುತ್ತದೆ. ಹಕ್ಕಿಗಳು ಕೂರಲು ಎಕರೆಗೆ ಹತ್ತು ಕವೆಗೋಲು ನೆಡಿ.

6. ಐದು ಕಡೆ ಇಪ್ಪತ್ತರಂತೆ ನೂರು ಗಿಡ ನೋಡಿ. ಐದಕ್ಕಿಂತ ಹೆಚ್ಚು ಗಿಡಗಳಲ್ಲಿ ಹೊಸ ಗಾಯ ಕಂಡರೆ ಬೇವಿನ ಬೀಜದ ಕಷಾಯವನ್ನು ಸಂಜೆ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ ಹಾಕಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿದರೆ ಕಷಾಯ ಸಿದ್ಧ. ಇದು ಕೆಲಸ ಮಾಡುವುದು ಎಳೆಯ ಹುಳುವಿನ ಮೇಲೆ, ಬಲಿತದ್ದರ ಮೇಲೆ ಅಲ್ಲ.

7. ನಲವತ್ತೈದು ದಿನ ದಾಟಿದ ಮೇವಿಗೆ ಹುಳು ಬಿದ್ದರೆ ಔಷಧಿಯ ಯೋಚನೆ ಬೇಡ. ಹೆಚ್ಚು ಹುಳು ಬಿದ್ದ ಕಡೆಯಿಂದ ಮೊದಲು ಕೊಯ್ದು ಹಾಕುತ್ತ ಬನ್ನಿ.

8. ಹುಳುವಿನ ಕಾಟ ಪದೇ ಪದೇ ಆಗುವ ಜಾಗದಲ್ಲಿ ಒಂದು ಬೆಳೆ ಮುಸುಕಿನ ಜೋಳ ಬಿಟ್ಟು ಅಲಸಂದೆ ಅಥವಾ ಹುರುಳಿ ಬಿತ್ತಿ. ಬದುವಿನ ಮೇಲೆ ಅಗಸೆ ಮರ, ನೀರಿನ ಕಾಲುವೆ ಪಕ್ಕ ಸೀಮೆ ಹುಲ್ಲು ಇದ್ದರೆ ಕೊಟ್ಟಿಗೆಗೆ ಕೊರತೆಯಾಗದು. ಬಿಳಿ ಜೋಳ ಬಿತ್ತುವವರು ಒಂದು ಎಚ್ಚರ ವಹಿಸಿ. ಎಳೆಯ ಪೈರು, ನೀರಿಲ್ಲದೆ ಬಾಡಿದ ಪೈರು, ಕೂಳೆ ಚಿಗುರು ಇವುಗಳಲ್ಲಿ ರಾಸನ್ನು ಕೊಲ್ಲುವ ವಿಷವಿರುತ್ತದೆ. ಹೂ ಬಂದ ಮೇಲೆ ಕೊಯ್ಯಿರಿ.

ರಾಸಾಯನಿಕ ಔಷಧಿ ಹೊಡೆಯುವ ಮುನ್ನ

ಕಾಳಿನ ಬೆಳೆಗೆ ಕೃಷಿ ಇಲಾಖೆ ಶಿಫಾರಸು ಮಾಡಿದ ಔಷಧಿಗಳಿವೆ. ಅವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಹೇಳಿದ ಪ್ರಮಾಣದಲ್ಲಿಯೇ ಬಳಸಿ. ದಿನ ದಿನ ಕೊಯ್ದು ಹಾಕುವ ಮೇವಿನ ತಾಕಿಗೆ ಮಾತ್ರ ಇವು ಬೇಡವೆಂಬುದೇ ನನ್ನ ಸಲಹೆ. ಅನಿವಾರ್ಯವಾಗಿ ಹೊಡೆದರೆ, ಡಬ್ಬಿಯ ಚೀಟಿಯಲ್ಲಿ ಬರೆದಿರುವ ಕಾಯುವ ಅವಧಿ ಮುಗಿಯುವವರೆಗೆ ಆ ಮೇವನ್ನು ಕೊಯ್ಯಬೇಡಿ.

ಮೇವಿನ ತಾಕಿಗೆ ಹೊಡೆಯದಿದ್ದರೂ ವಿಷ ಕೊಟ್ಟಿಗೆಗೆ ಬರುವ ಕಳ್ಳದಾರಿಗಳಿವೆ. ಔಷಧಿ ಹೊಡೆದ ಕಾಳಿನ ಹೊಲದ ಬದುವಿನ ಹುಲ್ಲು, ಅಲ್ಲಿ ಕಿತ್ತ ಹೆಚ್ಚುವರಿ ಪೈರು, ಔಷಧಿ ಲೇಪಿಸಿದ ಬಿತ್ತನೆ ಬೀಜ ಉಳಿದದ್ದು, ಸಿಂಪಡಿಸುವ ಯಂತ್ರವನ್ನು ರಾಸು ಕುಡಿಯುವ ತೊಟ್ಟಿಯಲ್ಲಿ ತೊಳೆಯುವುದು, ಇವೆಲ್ಲ ಅಂಥವು. ಎಲ್ಲಕ್ಕಿಂತ ಅಪಾಯಕಾರಿ ವಿಷಪಾಶಾಣ. ಬಲಿತ ಹುಳುಗಳಿಗೆಂದು ಹತ್ತು ಕೆ.ಜಿ. ಅಕ್ಕಿ ತೌಡಿಗೆ ಎರಡು ಕೆ.ಜಿ. ಬೆಲ್ಲದ ನೀರು ಬೆರೆಸಿ, ಒಂದು ದಿನ ಹುಳಿಯಲು ಬಿಟ್ಟು, ಥಯೋಡಿಕಾರ್ಬ್ ಎಂಬ ವಿಷ ಸೇರಿಸಿ ಸುಳಿಗೆ ಹಾಕುತ್ತಾರೆ. ತೌಡು, ಬೆಲ್ಲ ಎರಡೂ ರಾಸಿಗೆ ಅತಿ ಪ್ರಿಯ. ಕಲಸಿದ ಪಾತ್ರೆಯನ್ನು ರಾಸು ನೆಕ್ಕಿದರೂ ಸಾಕು, ಜೀವಕ್ಕೆ ಅಪಾಯ. ಇದನ್ನು ಮೇವಿನ ತಾಕಿಗೆ ಎಂದಿಗೂ ಬಳಸಬಾರದು, ಕೊಟ್ಟಿಗೆಯ ಹತ್ತಿರ ಕಲಸಬಾರದು.

ಹಿಪ್ಪುನೇರಳೆ ತೋಟವಿರುವವರಿಗೆ ಇನ್ನೊಂದು ಮಾತು. ಈ ಹುಳುವನ್ನು ಕೊಲ್ಲಲು ಮಾರುವ ಶಿಲೀಂಧ್ರ ಮತ್ತು ಬಿ.ಟಿ. ಪುಡಿಗಳು ರಾಸಿಗೆ ತೊಂದರೆ ಮಾಡದಿದ್ದರೂ ರೇಷ್ಮೆ ಹುಳುವನ್ನೂ ಕೊಲ್ಲಬಲ್ಲವು. ರೇಷ್ಮೆ ಹುಳುವೂ ಒಂದು ಪತಂಗದ ಮರಿಯೇ ಅಲ್ಲವೇ?

ವಿಷಬಾಧೆಯ ಲಕ್ಷಣಗಳು

ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣಲ್ಲಿ ನೀರು, ಮೈ ನಡುಕ, ಭೇದಿ, ಹೊಟ್ಟೆ ನೋವು, ಏದುಸಿರು, ತೂರಾಡಿ ಬೀಳುವುದು. ಇವು ಕಂಡರೆ ಹಾಕುತ್ತಿದ್ದ ಮೇವನ್ನು ತಕ್ಷಣ ನಿಲ್ಲಿಸಿ. ಮೈಮೇಲೆ ಔಷಧಿ ಬಿದ್ದಿದ್ದರೆ ಸೋಪು ನೀರಿನಿಂದ ತೊಳೆಯಿರಿ. ಒಕ್ಕೂಟದ ಅಥವಾ ಸರ್ಕಾರಿ ಪಶುವೈದ್ಯರನ್ನು ಕೂಡಲೇ ಕರೆಸಿ, ಪಶುಪಾಲನಾ ಇಲಾಖೆಯ 1962ಕ್ಕೂ ಕರೆ ಮಾಡಬಹುದು. ಔಷಧಿಯ ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಅದನ್ನು ನೋಡಿದರೆ ಚಿಕಿತ್ಸೆ ಬೇಗ ನಿರ್ಧಾರವಾಗುತ್ತದೆ. ಜೊಲ್ಲು ಸುರಿಸುವ ರಾಸಿಗೆ ಎಣ್ಣೆ, ಮಜ್ಜಿಗೆ ಎಂದು ಏನನ್ನೂ ಗೊಟ್ಟದಲ್ಲಿ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಸಂಘಕ್ಕೆ ಹಾಕಬೇಡಿ, ಮನೆಗೂ ಬಳಸಬೇಡಿ.

ಹುಳು ತಿಂದ ಮೇವನ್ನು ಹಾಕಬಹುದೇ?

ಶಿಬಿರಗಳಲ್ಲಿ ಸದಸ್ಯರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಹುಳು ತಿಂದಿದೆ ಎಂಬ ಒಂದೇ ಕಾರಣಕ್ಕೆ ಹಸಿರು ಮೇವು ವಿಷವಾಗುವುದಿಲ್ಲ. ಸುಳಿಯ ಹಿಕ್ಕೆಯನ್ನು ಕೊಡವಿ, ಕೊಳೆತ ಭಾಗ ತೆಗೆದು, ಕತ್ತರಿಸಿ ಹಾಕಬಹುದು. ಎಲೆ ಕಡಿಮೆಯಾಗಿ ದಂಟು ಹೆಚ್ಚಾದ ಮೇವಿನಲ್ಲಿ ಸಸಾರಜನಕ ಕಡಿಮೆ. ಹಾಲು ಇಳಿಯದಂತೆ ಅಲಸಂದೆ, ಅಗಸೆ ಸೊಪ್ಪು ಅಥವಾ ಪಶು ಆಹಾರದಿಂದ ಆ ಕೊರತೆ ತುಂಬಿ.

ಆದರೆ ತೆನೆಯ ವಿಷಯ ಬೇರೆ. ಹುಳು ಕೊರೆದ ತೆನೆಗೆ ಮಳೆ ನೀರು ಇಳಿದು ಬೂಷ್ಟು ಬೆಳೆಯುತ್ತದೆ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ರಾಸು ಅದನ್ನು ತಿಂದರೆ ಯಕೃತ್ತು ಕೆಡುತ್ತದೆ, ಒಂದು ಪಾಲು ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ-1 ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತೆಯ ನಿಯಮವಿದೆ. ಒಬ್ಬ ಸದಸ್ಯರ ಕ್ಯಾನಿನ ಹಾಲು ಇಡೀ ಊರಿನ ಹಾಲಿನೊಂದಿಗೆ ಬೆರೆಯುತ್ತದೆ ಎಂಬುದನ್ನು ಮರೆಯಬೇಡಿ. ಮಾರಲಾಗದ ಬೂಷ್ಟು ತೆನೆಯನ್ನು ‘ಹಸುವಿಗಾದರೂ ಆಗಲಿ’ ಎಂದು ಕೊಟ್ಟಿಗೆಗೆ ತರಬೇಡಿ, ಸುಟ್ಟುಬಿಡಿ.

ಕೊನೆಯದಾಗಿ

ಫಾಲ್ ಸೈನಿಕ ಹುಳುವನ್ನು ನಾಡಿನಿಂದ ಓಡಿಸುವುದು ಈಗ ಆಗದ ಮಾತು. ಅದು ಇಲ್ಲೇ ನೆಲೆ ನಿಂತಿದೆ. ಆದರೆ ಅದರ ಚಕ್ರ ಎಲ್ಲಿ ಮುರಿಯುತ್ತದೆ ಎಂಬುದು ನಮಗೆ ತಿಳಿದಿದೆ: ಎಲೆಯ ಅಡಿಯ ಮೊಟ್ಟೆಯಲ್ಲಿ, ಸುಳಿಯ ಚಾಕಿಯಲ್ಲಿ, ಮಣ್ಣಿನ ಕೋಶದಲ್ಲಿ. ಮೂರೂ ಕಡೆ ನಮ್ಮ ಕೈ ಎಟಕುತ್ತದೆ. ಅಕ್ಕಪಕ್ಕದ ತಾಕಿನವರೂ ಒಟ್ಟಾಗಿ ಒಂದೇ ದಿನ ಮೊಟ್ಟೆ ಆರಿಸಿದರೆ ಫಲ ಹೆಚ್ಚು. ಈ ವಾರ ಮೇವಿಗೆ ಹೋದಾಗ ಹತ್ತು ಗಿಡದ ಎಲೆ ಮಗುಚಿ ನೋಡಿ. ಕಂಡ ಹುಳುವನ್ನು ಡಬ್ಬಿಯಲ್ಲಿ ಹಾಕಿ ಸಂಘಕ್ಕೆ ತಂದರೆ, ಮುಂದಿನ ಭೇಟಿಯಲ್ಲಿ ಎಲ್ಲರೂ ಸೇರಿ ನೋಡಿ ಗುರುತಿಸೋಣ.